ಆಟಿಸಂ ಎಂಬ ಪದದೊಳಗಿನ ಆಟ

ಕಲ್ಯಾಣ ದಾಟಿ ಕಸಾರಾ ಕಡೆಗೆ ಹೊರಳುವ ಲೋಕಲ್ ಗಾಡಿಗೆ ಮೊದಲು ಸಿಗುವ ಸ್ಟೇಷನ್ ಶಹಾಡ್. 11 ವರ್ಷದಿಂದ ನನ್ನ ಮನೆ ಇಲ್ಲಿ, ಕೆಲಸ ಐರೋಲಿಯಲ್ಲಿ. ನಾನು ಬಂದ ಹೊಸತರಲ್ಲಿ ಇಲ್ಲಿಂದ ಠಾಣೆಯವರೆಗೆ ಬೀದಿಬೀದಿಯಲ್ಲೂ ಕೋಚಿಂಗ್ ಕ್ಲಾಸುಗಳ ಬೋರ್ಡುಗಳೇ ಇದ್ದವು. ಈಗ ಅವುಗಳ ಪಕ್ಕದಲ್ಲಿ ಇನ್ನೊಂದು ಬಗೆಯ ಬೋರ್ಡು ಕಾಣಿಸುತ್ತದೆ: ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ, ಪ್ಲೇ ಥೆರಪಿ, ಮ್ಯೂಸಿಕ್ ಥೆರಪಿ. ಕೆಳಗೆ ಮರಾಠಿಯಲ್ಲಿ 'ಸ್ವಮಗ್ನ ಮುಲಾಂಸಾಠೀ', ಅಂದರೆ ಸ್ವಮಗ್ನ ಮಕ್ಕಳಿಗಾಗಿ ಎಂದು ಬರೆದಿರುತ್ತದೆ. ನಮ್ಮ ಕನ್ನಡ ಪತ್ರಿಕೆಗಳು ಅದನ್ನೇ 'ಸ್ವಲೀನತೆ' ಎನ್ನುತ್ತವೆ. ಮನೆಯೊಳಗೆ ಮಾತ್ರ ಎಲ್ಲರಿಗೂ ಅದು 'ಆಟಿಸಂ'.

ಮೂರೂ ಪದಗಳ ಅರ್ಥ ಒಂದೇ, ತನ್ನೊಳಗೇ ಮುಳುಗಿದ್ದು. ಗ್ರೀಕ್ ಭಾಷೆಯಲ್ಲಿ 'ಆಟೋಸ್' ಎಂದರೆ ತಾನು. ಆದರೆ ಕುಂದಾಪುರ ಕಡೆಯ ನನ್ನ ಅಮ್ಮನ ಕಿವಿಗೆ ಈ ಪದ ಬೇರೆಯೇ ಕೇಳಿಸಿತು. ತಂಗಿಯ ಮಗನಿಗೆ ಡಾಕ್ಟರು ಆ ಹೆಸರು ಹೇಳಿದ ದಿನ ಅಮ್ಮ ಕೇಳಿದ್ದು, "ಆಟವಾ? ಅದೆಂಥ ಆಟ ಮಾರಾಯಾ?" ನಮ್ಮ ಕರಾವಳಿಯಲ್ಲಿ ಆಟ ಎಂದರೆ ಮಕ್ಕಳಾಟವೂ ಹೌದು, ಯಕ್ಷಗಾನವೂ ಹೌದು. ಹಾಡು, ಚಂಡೆ, ಕುಣಿತ, ವೇಷ, ನಗು ಎಲ್ಲ ಸೇರಿದ್ದಕ್ಕೆ ಒಂದೇ ಹೆಸರು. ಅಲ್ಲಿ ಸಂಗೀತ ಒಂದು ಕಡೆ, ಆಟ ಇನ್ನೊಂದು ಕಡೆ ಎಂದು ಯಾರೂ ಬೇರೆ ಮಾಡಿರಲಿಲ್ಲ.

ಬೋರ್ಡುಗಳಲ್ಲಿ ಮಾತ್ರ ಇವೆರಡೂ ಬೇರೆಬೇರೆ ಸಾಲು, ಬೇರೆಬೇರೆ ಬಿಲ್ಲು. ಇವು ಯಾವಾಗ ಬೇರೆಯಾದವು, ಮತ್ತೆ ಎಲ್ಲಿ ಕೂಡಿದವು, ಹಾಗೆ ಕೂಡಿದ್ದರಿಂದ ಮಕ್ಕಳಿಗೆ ನಿಜಕ್ಕೂ ಏನಾದರೂ ಸಿಕ್ಕಿತೇ ಎಂಬುದನ್ನು ತಿಳಿಯಲು ಕಳೆದ ಕೆಲವು ವರ್ಷ ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಓದಿದ್ದೇನೆ. ನಾನು ವೈದ್ಯನಲ್ಲ, ಒಬ್ಬ ಹುಡುಗನ ಸೋದರಮಾವ. ನಮ್ಮಂತೆ ಊರು ಬಿಟ್ಟು ಬಂದ ಮನೆಗಳಲ್ಲಿ ಈ ಪ್ರಶ್ನೆ ಎದುರಿಸುತ್ತಿರುವವರು ಬಹಳ ಮಂದಿ ಇದ್ದಾರೆ. ಅವರಿಗಾಗಿ ಈ ಇತಿಹಾಸ.

ಬಾಟಲಿ ಮುಚ್ಚಳ ಮತ್ತು ಸಿಂಫನಿ

'ಆಟಿಸಂ' ಪದವನ್ನು 1911ರ ಸುಮಾರಿಗೆ ಬಳಕೆಗೆ ತಂದವರು ಸ್ವಿಟ್ಜರ್‌ಲ್ಯಾಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್. ಅವರು ಅದನ್ನು ಬಳಸಿದ್ದು ಮಕ್ಕಳಿಗಲ್ಲ, ಸ್ಕಿಜೋಫ್ರೇನಿಯಾ ಇದ್ದ ದೊಡ್ಡವರು ಹೊರಲೋಕದಿಂದ ಹಿಂದೆ ಸರಿಯುವ ಲಕ್ಷಣಕ್ಕೆ. ಮಕ್ಕಳ ಸ್ಥಿತಿಯೊಂದಕ್ಕೆ ಅದು ಅಂಟಿಕೊಂಡದ್ದು 1943ರಲ್ಲಿ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿದ್ದ ಲಿಯೋ ಕ್ಯಾನರ್ ಆ ವರ್ಷ 11 ಮಕ್ಕಳ ವಿವರ ಪ್ರಕಟಿಸಿದರು. 8 ಗಂಡು, 3 ಹೆಣ್ಣು. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ತಾವು ಕಂಡ ಹುಡುಗರ ಬಗ್ಗೆ ಬರೆದರು. ಇವರಿಬ್ಬರಿಗಿಂತಲೂ ಮೊದಲು, 1920ರ ದಶಕದ ನಡುವಿನಲ್ಲೇ, ಮಾಸ್ಕೋದ ಗ್ರುನ್ಯಾ ಸುಖರೇವಾ ಎಂಬ ವೈದ್ಯೆ ಆರು ಹುಡುಗರಲ್ಲಿ ಇಂಥವೇ ಲಕ್ಷಣಗಳನ್ನು ಗುರುತಿಸಿ ಬರೆದಿದ್ದರು. ಆದರೆ ಜಗತ್ತು ಬಹಳ ಕಾಲ ಅದನ್ನು ಗಮನಿಸಲಿಲ್ಲ.

ಕ್ಯಾನರ್ ಬರೆದದ್ದನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರಲ್ಲಿರುವ ಸಂಗೀತ. ಅವರ ಮೊದಲ ಹುಡುಗ, ಮಿಸಿಸಿಪಿಯ ಡೊನಾಲ್ಡ್, ಒಂದು ವರ್ಷದವನಿದ್ದಾಗಲೇ ಎಷ್ಟೋ ರಾಗಗಳನ್ನು ತಪ್ಪಿಲ್ಲದೆ ಗುನುಗುತ್ತಿದ್ದ. ಇನ್ನೊಬ್ಬ ಹುಡುಗ ಒಂದೂವರೆ ವರ್ಷಕ್ಕೆ 18 ಸಿಂಫನಿಗಳನ್ನು ಬೇರೆಬೇರೆಯಾಗಿ ಗುರುತಿಸುತ್ತಿದ್ದ, ಶುರುವಾಗುತ್ತಲೇ ರಚಿಸಿದವರ ಹೆಸರು ಹೇಳುತ್ತಿದ್ದ. ಅದೇ ಹುಡುಗ ಅದೇ ವಯಸ್ಸಿನಲ್ಲಿ ಬಾಟಲಿ ಮುಚ್ಚಳಗಳನ್ನು ಗಂಟೆಗಟ್ಟಲೆ ತಿರುಗಿಸುತ್ತ ಕೂರುತ್ತಿದ್ದ. ಒಂದೇ ಮಗುವಿನಲ್ಲಿ ದೊಡ್ಡವರು ಬೆರಗಾಗುವಂಥ ಸಂಗೀತದ ಕಿವಿ, ಮತ್ತು ಅವರಿಗೆ ಅರ್ಥವಾಗದ ಆಟ. ಮುಂದಿನ 80 ವರ್ಷಗಳ ಕಥೆ ಈ ಎರಡು ತುದಿಗಳ ನಡುವೆಯೇ ನಡೆದಿದೆ.

ಆದರೆ ಮಧ್ಯೆ ಒಂದು ಕತ್ತಲ ಕಾಲವೂ ಬಂತು. ತಾಯಂದಿರ ಪ್ರೀತಿ ತಣ್ಣಗಿದ್ದುದರಿಂದ ಮಕ್ಕಳು ಹೀಗಾದರು ಎಂಬ ವಾದ ಹುಟ್ಟಿ, 'ರೆಫ್ರಿಜರೇಟರ್ ತಾಯಿ' ಎಂಬ ಮಾತು ಬಳಕೆಗೆ ಬಂತು. 1967ರಲ್ಲಿ ಬ್ರೂನೋ ಬೆಟೆಲ್‌ಹೈಮ್ ಅದನ್ನೇ ಪುಸ್ತಕ ಮಾಡಿ ಹೆಸರಾದರು. ಅದಕ್ಕೂ ಮೊದಲೇ, 1964ರಲ್ಲಿ, ಸ್ವತಃ ಆಟಿಸಂ ಇರುವ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲ್ಯಾಂಡ್ ಇದು ಹುಟ್ಟಿನಿಂದ ಬರುವ, ಮೆದುಳಿಗೆ ಸಂಬಂಧಿಸಿದ ಸ್ಥಿತಿ, ತಾಯಿಯ ತಪ್ಪಲ್ಲ ಎಂದು ವಾದಿಸಿದ್ದರು. ವಿಜ್ಞಾನ ಅವರ ಕಡೆಗೇ ನಿಂತಿತು. ಅಷ್ಟಾದರೂ "ಮಗುವಿಗೆ ಮೊಬೈಲು ಕೊಟ್ಟೆ, ಕೆಲಸಕ್ಕೆ ಹೋದೆ, ಅದಕ್ಕೇ ಹೀಗಾಯಿತು" ಎಂದು ಸೊಸೆಯನ್ನು ದೂರುವ ಮಾತು ನಮ್ಮ ಕಟ್ಟಡಗಳಲ್ಲಿ ಇವತ್ತಿಗೂ ಕೇಳಿಸುತ್ತದೆ. ಭಾಷೆ ಬದಲಾಗಿದೆ, ದೂರು ಅದೇ.

ಆಟ ಬಂದ ದಾರಿ

ಆಟವನ್ನು ಚಿಕಿತ್ಸೆಯ ಕೋಣೆಗೆ ತಂದವರು ಮನೋವಿಶ್ಲೇಷಕರು. ದೊಡ್ಡವರು ಮಂಚದ ಮೇಲೆ ಮಲಗಿ ಮಾತಾಡುತ್ತಾರೆ, ಮಕ್ಕಳು ಹಾಗೆ ಮಾತಾಡುವುದಿಲ್ಲ. ಅವರ ಮಾತೇ ಆಟ. ಹೀಗೆಂದು ನಂಬಿದ ಮೆಲನಿ ಕ್ಲೈನ್ 1920ರ ದಶಕದಲ್ಲಿ ಮೊದಲು ಬರ್ಲಿನ್ನಿನಲ್ಲಿ, ಆಮೇಲೆ ಲಂಡನ್ನಿನಲ್ಲಿ ಮಕ್ಕಳ ಮುಂದೆ ಪುಟ್ಟಪುಟ್ಟ ಆಟಿಕೆಗಳನ್ನಿಟ್ಟರು. 1930ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಡಿಕ್ ಎಂಬ ನಾಲ್ಕು ವರ್ಷದ ಹುಡುಗ ಬರುತ್ತಾನೆ. ಅವನು ಯಾರ ಜೊತೆಗೂ ಆಡುತ್ತಿರಲಿಲ್ಲ, ಮಾತು ಬಹಳ ಕಡಿಮೆ. ರೈಲು, ಸ್ಟೇಷನ್, ಬಾಗಿಲ ಹಿಡಿ ಇವುಗಳ ಮೇಲೆ ಮಾತ್ರ ಆಸೆ. ಕ್ಲೈನ್ ಒಂದು ದೊಡ್ಡ ರೈಲು, ಒಂದು ಚಿಕ್ಕ ರೈಲು ತೆಗೆದಿಟ್ಟು ಇದು ಅಪ್ಪನದು, ಇದು ನಿನ್ನದು ಎಂದರು. ಹುಡುಗ ಚಿಕ್ಕ ರೈಲನ್ನು ಕಿಟಕಿಯವರೆಗೆ ಉರುಳಿಸಿಕೊಂಡು ಹೋಗಿ ಒಂದೇ ಪದ ಹೇಳಿದ: ಸ್ಟೇಷನ್.

ಕ್ಯಾನರ್ ಬರೆಯುವುದಕ್ಕಿಂತ 13 ವರ್ಷ ಮೊದಲಿನ ಮಾತಿದು. ಡಿಕ್‌ಗೆ ಆಟಿಸಂ ಇತ್ತೆಂದು ನಂತರದ ಅನೇಕರು ಅಭಿಪ್ರಾಯಪಟ್ಟಿದ್ದಾರೆ. ಆ ಸ್ಟೇಷನ್ನಿಗೆ ಕ್ಲೈನ್ ಕೊಟ್ಟ ಅರ್ಥ, ಅದು ಅಮ್ಮನ ಸಂಕೇತ ಎಂಬುದು, ಇವತ್ತು ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಶಹಾಡಿನ ಮಗುವೊಂದು ಸ್ಟೇಷನ್ ಎಂದರೆ ಅದು ಸ್ಟೇಷನ್ನೇ ಇರಬಹುದು. ಆದರೆ ಕ್ಲೈನ್ ಮಾಡಿದ ಒಂದು ಕೆಲಸ ಉಳಿಯಿತು. ಮಗುವಿಗೆ ಏನಿಷ್ಟವೋ ಅಲ್ಲಿಂದ ಶುರು ಮಾಡಿದರು, ತಮಗೆ ಬೇಕಾದಲ್ಲಿಂದಲ್ಲ.

ಲಂಡನ್ನಿನಲ್ಲೇ ಮಾರ್ಗರೆಟ್ ಲೋವೆನ್‌ಫೆಲ್ಡ್ ಮರಳಿನ ತಟ್ಟೆಯಲ್ಲಿ ಪುಟ್ಟ ಗೊಂಬೆಗಳಿಂದ ಮಕ್ಕಳು ತಮ್ಮ ಲೋಕ ಕಟ್ಟುವ ಪದ್ಧತಿ ಬೆಳೆಸಿದರು. ಎಚ್. ಜಿ. ವೆಲ್ಸ್ ತಮ್ಮ ಮಕ್ಕಳೊಡನೆ ನೆಲದ ಮೇಲೆ ಆಡಿದ ಆಟಗಳ ಬಗ್ಗೆ 1911ರಲ್ಲಿ ಬರೆದ ಪುಸ್ತಕ ಅವರಿಗೆ ಪ್ರೇರಣೆ. ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲಿ 'ಪ್ಲೇ ಥೆರಪಿ' ಎಂಬ ಹೆಸರಿನಲ್ಲೇ ಪುಸ್ತಕ ಬರೆದರು. ಮಗು ಮುಂದೆ ನಡೆಯಲಿ, ದೊಡ್ಡವರು ಹಿಂದೆ ನಡೆಯಲಿ ಎಂಬುದು ಅವರ ತತ್ವ. ಆಟಿಸಂಗೆ ಹೊಂದುವಂತೆ ಇದನ್ನು ತಿದ್ದಿದವರು ಸ್ಟ್ಯಾನ್ಲಿ ಗ್ರೀನ್‌ಸ್ಪಾನ್ ಮತ್ತು ಸೆರೀನಾ ವೀಡರ್. ಅವರ 'ಫ್ಲೋರ್‌ಟೈಮ್' ಎಂದರೆ ಹೆಸರೇ ಹೇಳುವಂತೆ ನೆಲಕ್ಕೆ ಇಳಿದು ಕೂರುವುದು. ಮಗು ಕಾರುಗಳನ್ನು ಸಾಲಾಗಿ ಜೋಡಿಸುತ್ತಿದ್ದರೆ ನೀವೂ ಒಂದು ಕಾರು ಕೊಡಿ, ಆಮೇಲೆ ಒಂದನ್ನು ಅಡ್ಡ ಇಡಿ, ಅದು ನಿಮ್ಮ ಕೈ ಸರಿಸಿದರೂ ಸರಿ. ಸರಿಸುವುದೂ ಒಂದು ಮಾತುಕತೆಯೇ.

ಸಂಗೀತ ಬಂದ ದಾರಿ

ಸಂಗೀತ ಬಂದದ್ದು ಇನ್ನೊಂದು ಬಾಗಿಲಿನಿಂದ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಗಾಯಾಳು ಸೈನಿಕರಿಗೆ ಸಂಗೀತ ಕೇಳಿಸುವ ಕೆಲಸ ಬೆಳೆದು, 1950ರಲ್ಲಿ ಅಲ್ಲಿ ಸಂಗೀತ ಚಿಕಿತ್ಸಕರ ರಾಷ್ಟ್ರೀಯ ಸಂಘ ಹುಟ್ಟಿತು. ಬ್ರಿಟನ್ನಿನಲ್ಲಿ ಚೆಲ್ಲೋ ವಾದಕಿ ಜೂಲಿಯೆಟ್ ಆಲ್ವಿನ್ 1958ರಲ್ಲಿ ಸಂಘ ಕಟ್ಟಿದರು, 1978ರಲ್ಲಿ ಆಟಿಸಂ ಇರುವ ಮಕ್ಕಳ ಸಂಗೀತ ಚಿಕಿತ್ಸೆಯ ಬಗ್ಗೆಯೇ ಪುಸ್ತಕ ಬರೆದರು.

ಎರಡು ದಾರಿಗಳೂ ಕೂಡಿದ್ದು ಇಂಗ್ಲೆಂಡಿನ ವೂಸ್ಟರ್‌ಶೈರಿನ ಸನ್‌ಫೀಲ್ಡ್ ಎಂಬ ಮಕ್ಕಳ ಆಶ್ರಮದಲ್ಲಿ, 1959ರ ಸುಮಾರಿಗೆ. ಪಾಲ್ ನಾರ್ಡಾಫ್ ಅಮೆರಿಕದ ಸಂಗೀತ ರಚನಕಾರ, ಕಾಲೇಜಿನ ಪ್ರೊಫೆಸರ್ ಹುದ್ದೆ ಬಿಟ್ಟು ಬಂದವರು. ಕ್ಲೈವ್ ರಾಬಿನ್ಸ್ ಅಲ್ಲಿದ್ದ ವಿಶೇಷ ಶಿಕ್ಷಕ. ಒಬ್ಬರು ಪಿಯಾನೋ ಮುಂದೆ ಕೂರುತ್ತಿದ್ದರು, ಇನ್ನೊಬ್ಬರು ಮಗುವಿನ ಪಕ್ಕದಲ್ಲಿ. ಮಗುವಿಗೆ ಪಾಠ ಹೇಳಿಕೊಡುತ್ತಿರಲಿಲ್ಲ. ಮಗು ಅತ್ತರೆ ಆ ಅಳುವಿನ ಸ್ಥಾಯಿಯನ್ನೇ ಪಿಯಾನೋ ಹಿಡಿಯುತ್ತಿತ್ತು, ಡೋಲು ಬಡಿದರೆ ಆ ಲಯಕ್ಕೇ ಪಿಯಾನೋ ನಡೆಯುತ್ತಿತ್ತು. ಮಗು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ತಾನು ಮಾಡಿದ್ದಕ್ಕೆ ಲೋಕ ಉತ್ತರ ಕೊಡುತ್ತಿದೆ ಎಂಬುದು ಮಗುವಿಗೆ ತಿಳಿಯುವ ಕ್ಷಣ ಅದು. ನಂತರ ಇಬ್ಬರೂ ಅಮೆರಿಕಕ್ಕೆ ಹೋಗಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕೇಂದ್ರವೊಂದರಲ್ಲಿ ಏಳು ವರ್ಷದೊಳಗಿನ ಮಕ್ಕಳೊಂದಿಗೆ ಕೆಲಸ ಮಾಡಿದರು. ಅವರು 1962ರಲ್ಲಿ ಪ್ರಕಟಿಸಿದ ಹಾಡುಗಳ ಮೊದಲ ಸಂಗ್ರಹಕ್ಕೆ ಇಟ್ಟ ಹೆಸರು 'ಪ್ಲೇ ಸಾಂಗ್ಸ್'. ಕನ್ನಡದಲ್ಲಿ ಹೇಳುವುದಾದರೆ ಆಟದ ಹಾಡು.

ಇಲ್ಲಿ ಏನಾಗುತ್ತಿತ್ತು?

ಇದನ್ನೆಲ್ಲ ಓದಿದ ಮೇಲೆ ಇಲ್ಲಿ ಏನಿತ್ತು ಎಂದು ಹುಡುಕಿದೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಮಗುವಿನ ಆಟಿಕೆ ಹೇಗಿರಬೇಕೆಂಬ ಪಟ್ಟಿಯೊಂದಿದೆ. ಬಣ್ಣಬಣ್ಣದ್ದಾಗಿರಬೇಕು, ಚಂದವಾಗಿರಬೇಕು, ಭಾರವಿರಬಾರದು, ಚೂಪು ತುದಿ ಇರಬಾರದು, ಬಾಯೊಳಗೆ ಹೋಗಬಾರದು, ಮಗುವನ್ನು ಹೆದರಿಸಬಾರದು. ಜೊತೆಗೆ, ಸದ್ದು ಮಾಡಬೇಕು. ನಮ್ಮ ತೊಟ್ಟಿಲ ಗಿಲಕಿ ಈ ಪಟ್ಟಿಗೆ ಅಚ್ಚುಕಟ್ಟಾಗಿ ಹೊಂದುತ್ತದೆ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಗಿಲಕಿ ಒಂದೇ ಹೊತ್ತಿಗೆ ಆಟಿಕೆಯೂ ಹೌದು, ವಾದ್ಯವೂ ಹೌದು.

ಆಧುನಿಕ ಅರ್ಥದ ಕೆಲಸ ಶುರುವಾದದ್ದು ನಮ್ಮ ಈ ಮಹಾನಗರದಲ್ಲೇ. ಈಗ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎಂದು ಕರೆಯುವ ಸಂಸ್ಥೆ 1936ರಲ್ಲಿ ಹುಟ್ಟಿತು. ಮರುವರ್ಷವೇ, 1937ರಲ್ಲಿ, ಅದು ಮುಂಬಯಿಯಲ್ಲಿ ದೇಶದ ಮೊದಲ ಚೈಲ್ಡ್ ಗೈಡೆನ್ಸ್ ಕ್ಲಿನಿಕ್ ತೆರೆಯಿತು. 1944ರಲ್ಲಿ ಪಾರ್ಸಿ ದಂಪತಿ ಜಯ್ ಮತ್ತು ಹೊರ್ಮಸ್ಜಿ ವಕೀಲ್ ತಮ್ಮ ಮಗಳಿಗೆ ಹೊಂದುವ ಶಾಲೆ ಸಿಗದೆ ತಾವೇ ಒಂದನ್ನು ಆರಂಭಿಸಿದರು. ಶಿವಡಿಯ ಜಯ್ ವಕೀಲ್ ಶಾಲೆ ಹೀಗೆ ಹುಟ್ಟಿದ್ದು. ಕರ್ನಾಟಕದಲ್ಲಿ 1954ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾಯಿತು. ಆಟಿಸಂ ಕುರಿತೇ ಕೆಲಸ ಮಾಡುವ ಸಂಸ್ಥೆ ಬಂದದ್ದು 1991ರಲ್ಲಿ, ಮಗನೊಬ್ಬನ ತಾಯಿ ಮೆರ್ರಿ ಬರುವಾ ದೆಹಲಿಯಲ್ಲಿ ಆಕ್ಷನ್ ಫಾರ್ ಆಟಿಸಂ ಕಟ್ಟಿದಾಗ. ಈ ಇತಿಹಾಸದಲ್ಲಿ ತಂದೆ ತಾಯಂದಿರ ಹೆಸರುಗಳು ಎಷ್ಟು ಸಲ ಬರುತ್ತವೆ ನೋಡಿ.

ಕಾನೂನು ನಿಧಾನವಾಗಿ ಬಂತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಸೇರಿಸಿತು. 2016ರ ಹೊಸ ಕಾಯ್ದೆಯ 21 ವಿಧಗಳಲ್ಲಿ ಅದಕ್ಕೂ ಜಾಗ ಸಿಕ್ಕಿತು.

ನಾವು ಕನ್ನಡಿಗರು ಕಣ್ಣಿಡಬೇಕಾದ ಒಂದು ಮನೆತನ ಈ ಕಥೆಯಲ್ಲಿದೆ. ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಮಕ್ಕಳೊಂದಿಗೆ ಪ್ರಯೋಗ ನಡೆಸಿದರು. ಮಗು ಕಲಿಯುವುದು ಆಡುತ್ತ, ಕುಣಿಯುತ್ತ, ಕೈಯಾರೆ ಮಾಡುತ್ತ ಎಂಬುದು ಅವರ ನಂಬಿಕೆ. ಮಕ್ಕಳಿಗೆಂದೇ 'ಬಾಲ ಪ್ರಪಂಚ'ದ ಮೂರು ಸಂಪುಟ ಬರೆದರು. ಮುಂದೆ ಯಕ್ಷಗಾನದಿಂದ ಮಾತುಗಾರಿಕೆಯನ್ನೇ ತೆಗೆದು, ಹಾಡು, ವಾದ್ಯ, ಕುಣಿತಗಳಲ್ಲೇ ಕಥೆ ಹೇಳುವ ಬ್ಯಾಲೆ ಮಾಡಿದರು. ಮಾತು ತಿಳಿಯದವರಿಗೂ ಅದು ತಲುಪಿತು. ಅವರ ಮಗಳು ಮಾಳವಿಕಾ ಕಪೂರ್ ನಿಮ್ಹಾನ್ಸಿನಲ್ಲಿ ಮಕ್ಕಳ ಮನಸ್ಸಿನ ತಜ್ಞೆಯಾಗಿ ಹೆಸರಾದರು, ಆಯುರ್ವೇದದಂಥ ನಮ್ಮ ಪರಂಪರೆಗಳು ಶಿಶುಪಾಲನೆಯ ಬಗ್ಗೆ ಏನು ಹೇಳಿವೆ ಎಂಬುದನ್ನೂ ಪುಸ್ತಕವಾಗಿ ಬರೆದರು. ಸೊಸೆ ಪ್ರತಿಭಾ ಕಾರಂತ್ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿದ್ದವರು, ಬೆಂಗಳೂರಿನಲ್ಲಿ 'ಕಾಮ್ ಡೀಲ್' ಎಂಬ ಕಾರ್ಯಕ್ರಮ ಕಟ್ಟಿದರು. ಆಟಿಸಂ ಇರುವ ಪುಟ್ಟ ಮಕ್ಕಳು ಸುಮಾರು ಹನ್ನೆರಡು ಮಂದಿಯ ಗುಂಪಾಗಿ ವಾರಕ್ಕೆ ಐದು ದಿನ, ದಿನಕ್ಕೆ ಮೂರು ಗಂಟೆ ಬರುತ್ತಾರೆ. ಮಾತಿನ ತಜ್ಞರು, ಆಕ್ಯುಪೇಷನಲ್ ಥೆರಪಿಸ್ಟರು, ಮನಶ್ಶಾಸ್ತ್ರಜ್ಞರು ಒಟ್ಟಾಗಿ ಕೆಲಸ ಮಾಡುತ್ತಾರೆ. ಸಾಮಾನ್ಯ ಶಾಲೆಗೆ ಸೇರುವಂತೆ ಮಗುವನ್ನು ಸಿದ್ಧಗೊಳಿಸುವುದು ಗುರಿ. ಹೊರದೇಶದ ಪದ್ಧತಿಯನ್ನು ಹಾಗೆಯೇ ಎತ್ತಿಕೊಳ್ಳದೆ ಇಲ್ಲಿನ ಮಕ್ಕಳಿಗೆ, ಇಲ್ಲಿನ ಖರ್ಚಿಗೆ ತಕ್ಕಂತೆ ಕಟ್ಟಿದ ಕೆಲಸ ಅದು. ಬಾಲವನದಿಂದ ನೇರ ಗೆರೆ ಎಳೆಯಲು ನಾನು ಹೋಗುವುದಿಲ್ಲ. ಆದರೆ ಒಂದೇ ಮನೆಯಲ್ಲಿ ಮೂರು ಮಂದಿ ಮಗುವಿನ ಮುಂದೆ ನೆಲಕ್ಕಿಳಿದು ಕೂತರು ಎಂಬುದು ಸಣ್ಣ ಸಂಗತಿಯಲ್ಲ.

ಪುಢೀಲ್ ಸ್ಟೇಷನ್ ಶಹಾಡ್

ನನ್ನ ತಂಗಿಯ ಮಗನಿಗೆ ಈಗ ಏಳು ವರ್ಷ. ನಾಲ್ಕನೆಯ ವಯಸ್ಸಿನವರೆಗೆ ಅವನು ತಾನಾಗಿ ಆಡಿದ ಪದಗಳು ಬೆರಳೆಣಿಕೆ. ಆದರೆ ಲೋಕಲ್ ಗಾಡಿಯ ಘೋಷಣೆಯನ್ನು ಮಾತ್ರ ಮೂರು ಭಾಷೆಗಳಲ್ಲಿ, ಆ ಹೆಂಗಸಿನ ದನಿಯ ಏರಿಳಿತದ ಸಮೇತ ಒಪ್ಪಿಸುತ್ತಿದ್ದ: ಪುಢೀಲ್ ಸ್ಟೇಷನ್ ಶಹಾಡ್, ಅಗಲಾ ಸ್ಟೇಷನ್ ಶಹಾಡ್, ನೆಕ್ಸ್ಟ್ ಸ್ಟೇಷನ್ ಶಹಾಡ್. ಕೇಳಿದ್ದನ್ನು ಹಾಗೆಯೇ ಮರುನುಡಿಯುವ ಇದನ್ನು ಕ್ಯಾನರ್ ಕೂಡ ಗಮನಿಸಿದ್ದರು. ಬಹಳ ಕಾಲ ಇದನ್ನು ಅರ್ಥವಿಲ್ಲದ ಗಿಳಿಪಾಠ ಎಂದು ತಡೆಯಲು ನೋಡುತ್ತಿದ್ದರು. ಅನೇಕ ಮಕ್ಕಳಿಗೆ ಅದೇ ಭಾಷೆಯ ಹೊಸ್ತಿಲು ಎಂಬುದು ಈಗಿನ ತಿಳಿವಳಿಕೆ.

ಇಲ್ಲಿಯ ಒಂದು ಕೇಂದ್ರದಲ್ಲಿ ಮೊದಲ ದಿನವೇ ಕೊಟ್ಟ ಸಲಹೆ ಇದು: "ಮನೆಯಲ್ಲಿ ಕನ್ನಡ ನಿಲ್ಲಿಸಿ. ಮಗುವಿಗೆ ಗೊಂದಲವಾಗುತ್ತದೆ. ಒಂದೇ ಭಾಷೆ, ಇಂಗ್ಲಿಷ್ ಸಾಕು." ವಲಸೆ ಬಂದ ಮನೆಗಳಿಗೆ ಈ ಸಲಹೆ ಎಷ್ಟು ಸುಲಭವಾಗಿ ಸಿಗುತ್ತದೆಂದರೆ, ತುಳು, ಕೊಂಕಣಿ, ತಮಿಳು ಮಾತಾಡುವ ಪರಿಚಯದವರೂ ಇದನ್ನೇ ಕೇಳಿದ್ದಾರೆ. ತಂಗಿ ಎಂಟು ತಿಂಗಳು ಪಾಲಿಸಿದಳು. ಅವಳ ಇಂಗ್ಲಿಷ್ ಆಫೀಸಿನ ಇಂಗ್ಲಿಷ್. ಅದರಲ್ಲಿ ಇಮೇಲ್ ಬರೆಯಬಹುದು, ಮುದ್ದು ಮಾಡಲು ಪದ ಸಾಲದು. ಅಮ್ಮನಿಗೆ ಅದೂ ಬರುವುದಿಲ್ಲ. ಆ ಎಂಟು ತಿಂಗಳು ಅಜ್ಜಿ ಮೊಮ್ಮಗನ ಹತ್ತಿರ ಸುಮ್ಮನೆ ಕೂತಿರುತ್ತಿದ್ದರು.

2012ರಲ್ಲಿ ಕೆನಡಾದ ಎರಡು ಬೇರೆಬೇರೆ ತಂಡಗಳು ಆಟಿಸಂ ಇರುವ ಮಕ್ಕಳಲ್ಲಿ ಒಂದು ಭಾಷೆ ಕೇಳಿ ಬೆಳೆದವರನ್ನೂ ಎರಡು ಭಾಷೆ ಕೇಳಿ ಬೆಳೆದವರನ್ನೂ ಹೋಲಿಸಿ ನೋಡಿದವು. ಎರಡು ಭಾಷೆಯ ಮಕ್ಕಳು ಮಾತಿನಲ್ಲಿ ಹಿಂದೆ ಬಿದ್ದದ್ದು ಕಂಡುಬರಲಿಲ್ಲ. ನಂತರದ ಅಧ್ಯಯನಗಳೂ ಬಹುಮಟ್ಟಿಗೆ ಇದನ್ನೇ ಹೇಳಿವೆ. ಇದನ್ನು ಅಚ್ಚು ಹಾಕಿಸಿ ತಂಗಿಗೆ ಕೊಟ್ಟೆ. ಅವಳು ಅದನ್ನು ಅಮ್ಮನಿಗೆ ಓದಿ ಹೇಳಿದಳು. ಅಮ್ಮನ ಬಾಯಿ ತೆರೆದದ್ದು ಅಂದೇ.

ಅಜ್ಜಿಯಂದಿರ ಹತ್ತಿರ ಏನಿರುತ್ತದೆ ಎಂಬುದನ್ನು ನಾವು ಮರೆತಿದ್ದೇವೆ. ಕಾಲ ಮೇಲೆ ಮಗುವನ್ನು ಕೂರಿಸಿಕೊಂಡು ತೂಗುತ್ತ ಹಾಡುವುದು, ಹಾಡು ಮುಗಿಯುವಲ್ಲಿ ಧೊಪ್ಪೆಂದು ಕಾಲು ಇಳಿಸುವುದು. ಅಂಗೈ ಮೇಲೆ ಬೆರಳು ನಡೆಸಿಕೊಂಡು ಹೋಗಿ, ಪದ ಮುಗಿಯುವಲ್ಲಿ ಕಂಕುಳಿಗೆ ಕಚಗುಳಿ ಇಡುವುದು. ಕಣ್ಣಾಮುಚ್ಚಾಲೆ. ನೂರು ವರ್ಷದ ಹಿಂದೆ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದ ಪಂಜೆ ಮಂಗೇಶರಾಯರು, ಆಮೇಲೆ ಜಿ. ಪಿ. ರಾಜರತ್ನಂ ಮಕ್ಕಳಿಗೆ ಬರೆದದ್ದು ಹಾಡಿಕೊಂಡು ಕೈಕಾಲು ಆಡಿಸುವಂಥ ಪದ್ಯಗಳನ್ನೇ.

ಇವುಗಳ ಒಳಗಿನ ಯಂತ್ರವನ್ನು ಬಿಚ್ಚಿ ನೋಡಿದರೆ ಚಿಕಿತ್ಸಕರು ಮಾಡುವುದಕ್ಕೆ ಬಹಳ ಹತ್ತಿರವಿದೆ. ಮೊದಲನೆಯದು ನಿರೀಕ್ಷೆ. ಹಾಡು ಪ್ರತಿ ಸಲವೂ ಒಂದೇ ರೀತಿ ನಡೆಯುತ್ತದೆ. ಬದಲಾವಣೆ ಕಂಡರೆ ದಿಗಿಲಾಗುವ ಮಗುವಿಗೆ ಅದು ಕಾಲೂರಲು ಗಟ್ಟಿ ನೆಲ. ಎರಡನೆಯದು ತಡೆ. ಕೊನೆಯ ಪದದ ಮುಂಚೆ ಹಾಡು ನಿಲ್ಲುತ್ತದೆ. ಮಗು ಕಾಯುತ್ತದೆ, ಮುಖ ನೋಡುತ್ತದೆ, ಒಮ್ಮೊಮ್ಮೆ ಆ ಪದವನ್ನು ತಾನೇ ಹೇಳುತ್ತದೆ. ಮೂರನೆಯದು ಸರದಿ, ಈಗ ನೀನು, ಆಮೇಲೆ ನಾನು. ನಾಲ್ಕನೆಯದು ಇಬ್ಬರ ಗಮನವೂ ಒಂದೇ ವಸ್ತುವಿನ ಮೇಲೆ ನಿಲ್ಲುವುದು. ಆಟಿಸಂ ಇರುವ ಮಕ್ಕಳಿಗೆ ಕಷ್ಟವಾಗುವುದು ಇದೇ. ಆಟ ಆ ವಸ್ತುವನ್ನು ಕೊಡುತ್ತದೆ, ಸಂಗೀತ ಅದಕ್ಕೆ ಹೊತ್ತಿನ ಅಳತೆ ಕೊಡುತ್ತದೆ.

ಅಮ್ಮ ಮಾಡಿದ್ದೂ ಇಷ್ಟೇ. ಅವನ ಸ್ಟೇಷನ್ನುಗಳನ್ನೇ ಹಾಡು ಮಾಡಿಕೊಂಡರು. ನಮ್ಮ ಕಡೆಯ ಜೋಗುಳದ ಧಾಟಿ. ಪದ ಮಾತ್ರ ಠಾಣೆ, ಕಳವಾ, ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ, ಠಾಕುರ್ಲಿ, ಕಲ್ಯಾಣ. ನೆಲದ ಮೇಲೆ ಚನ್ನಪಟ್ಟಣದ ಮರದ ರೈಲು. ಕಲ್ಯಾಣ ಆದಮೇಲೆ ಅಮ್ಮ ನಿಲ್ಲಿಸಿಬಿಡುತ್ತಿದ್ದರು. ಎಷ್ಟೋ ವಾರ ಏನೂ ಆಗಲಿಲ್ಲ. ಒಂದು ಸಂಜೆ ಅವನು ಅಜ್ಜಿಯ ಮುಖ ನೋಡಿ, ಘೋಷಣೆಯ ದನಿಯಲ್ಲಲ್ಲ, ತನ್ನದೇ ದನಿಯಲ್ಲಿ "ಶಹಾಡ್ ಬಂತು" ಎಂದ. ಕನ್ನಡದಲ್ಲಿ.

ಎಷ್ಟು ನಂಬಬೇಕು?

ಇಲ್ಲಿಗೆ ನಿಲ್ಲಿಸಿದರೆ ಇದು ಪವಾಡದ ಕಥೆಯಂತೆ ಕೇಳಿಸುತ್ತದೆ, ಮತ್ತು ಪವಾಡ ಮಾರುವವರು ಈ ಊರಿನಲ್ಲಿ ಈಗಾಗಲೇ ಸಾಕಷ್ಟಿದ್ದಾರೆ. ಇಂಥ ರಾಗ ಕೇಳಿಸಿದರೆ ಆಟಿಸಂ ವಾಸಿಯಾಗುತ್ತದೆ ಎನ್ನುವವರೂ ಅವರಲ್ಲಿ ಸೇರಿದ್ದಾರೆ. ಹಾಗಾಗಿ ಅಧ್ಯಯನಗಳು ಹೇಳುವುದನ್ನು ಇದ್ದ ಹಾಗೆ ಹೇಳಬೇಕು.

2008ರಲ್ಲಿ ಜಿನಾ ಕಿಮ್ ಮತ್ತು ಸಂಗಡಿಗರು ಅದೇ ಮಕ್ಕಳಿಗೆ ಕೆಲವು ವಾರ ಸಂಗೀತದ ಅವಧಿ, ಕೆಲವು ವಾರ ಆಟಿಕೆಗಳ ಅವಧಿ ಕೊಟ್ಟು ನೋಡಿದರು. ಸಂಗೀತದ ಹೊತ್ತಿನಲ್ಲಿ ಕಣ್ಣಿಗೆ ಕಣ್ಣು ಕೂಡಿಸುವುದು, ಸರದಿ ಪಾಲಿಸುವುದು ಹೆಚ್ಚಿತ್ತು. ಆದರೆ ಕೊನೆಯವರೆಗೆ ಉಳಿದ ಮಕ್ಕಳು 10 ಮಾತ್ರ. 2017ರಲ್ಲಿ 9 ದೇಶಗಳ 364 ಮಕ್ಕಳ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಐದು ತಿಂಗಳು ಸಂಗೀತ ಚಿಕಿತ್ಸೆ ಪಡೆದವರಿಗೂ ಪಡೆಯದವರಿಗೂ ಸಾಮಾಜಿಕ ಲಕ್ಷಣಗಳ ತೀವ್ರತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸಂಗೀತ ಚಿಕಿತ್ಸಕರಿಗೇ ಅದು ದೊಡ್ಡ ಪೆಟ್ಟು, ಆದರೂ ಅವರೇ ಅದನ್ನು ಪ್ರಕಟಿಸಿದರು. 2018ರಲ್ಲಿ ಮೇಘಾ ಶಾರದಾ ಮಾಂಟ್ರಿಯಲ್‌ನಲ್ಲಿ 6ರಿಂದ 12 ವರ್ಷದ 51 ಮಕ್ಕಳೊಂದಿಗೆ ನಡೆಸಿದ ಅಧ್ಯಯನ ಬಂತು. ಅರ್ಧದಷ್ಟು ಮಕ್ಕಳಿಗೆ ಹಾಡು ಮತ್ತು ವಾದ್ಯ, ಉಳಿದವರಿಗೆ ಸಂಗೀತವಿಲ್ಲದ ಆಟ. ಸಂಗೀತದ ಗುಂಪಿನಲ್ಲಿ ಸಂವಹನ ಹೆಚ್ಚು ಸುಧಾರಿಸಿತ್ತು, ಮೆದುಳಿನಲ್ಲಿ ಕೇಳುವ ಮತ್ತು ಚಲಿಸುವ ಭಾಗಗಳ ನಡುವಿನ ನಂಟು ಬಲಗೊಂಡಿತ್ತು. 2022ರಲ್ಲಿ ಕೊಕ್ರೇನ್ ಸಂಸ್ಥೆ 26 ಅಧ್ಯಯನಗಳನ್ನು, 1165 ಮಂದಿಯ ಮಾಹಿತಿಯನ್ನು ಒಟ್ಟಿಗಿಟ್ಟು ತೂಗಿತು. ಒಟ್ಟಾರೆ ಸುಧಾರಣೆ, ಜೀವನದ ಗುಣಮಟ್ಟದಲ್ಲಿ ಪ್ರಯೋಜನ ಇರುವ ಸಂಭವವಿದೆ. ಮಾತು ಮತ್ತು ಸಾಮಾಜಿಕ ಒಡನಾಟದಲ್ಲಿ ಸ್ಪಷ್ಟ ಪುರಾವೆ ಇಲ್ಲ ಎಂದಿತು.

ನನಗೆ ಇದರಿಂದ ತಿಳಿದದ್ದು ಎರಡು ಸಂಗತಿ. ಸಂಗೀತವಾಗಲಿ ಆಟವಾಗಲಿ ಆಟಿಸಂ ಅನ್ನು 'ತೆಗೆಯುವುದಿಲ್ಲ'. ಅದು ತೆಗೆಯಬೇಕಾದ ಕೊಳೆಯೂ ಅಲ್ಲ, ಮಗು ಇರುವ ರೀತಿ. ಎರಡನೆಯದು, ಅಂಕಗಳು ಅಳೆಯುವ ಲಕ್ಷಣ ಬೇರೆ, ಮನೆಯವರ ಜೊತೆ ಮಗು ಕಳೆಯುವ ಹೊತ್ತಿನ ಸುಖ ಬೇರೆ. ಮೊದಲನೆಯದಕ್ಕೆ ಮಾತಿನ ತಜ್ಞರು, ಶಾಲೆ, ಕಾನೂನು ಎಲ್ಲ ಬೇಕು. ಸರ್ಕಾರದ ದಾರಿಗಳನ್ನೂ ಮರೆಯಬಾರದು. ವಾಶಿಯಲ್ಲಿ ನವಿ ಮುಂಬಯಿ ಮಹಾನಗರಪಾಲಿಕೆ ನಡೆಸುವ ವಿಶೇಷ ಮಕ್ಕಳ ಶಿಕ್ಷಣ ಕೇಂದ್ರವಿದೆ, ಬಾಂದ್ರಾದಲ್ಲಿ 1983ರಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ವಾಕ್ ಶ್ರವಣ ಸಂಸ್ಥೆಯಿದೆ, ನ್ಯಾಷನಲ್ ಟ್ರಸ್ಟಿನ 'ನಿರಾಮಯ' ವಿಮೆಯಿದೆ. ಎರಡನೆಯದಕ್ಕೆ ಬೇಕಾದ್ದು ಮನೆಯಲ್ಲೇ ಇರಬಹುದು.

ಒಂದು ಎಚ್ಚರಿಕೆಯೂ ಇದೆ. ಎಲ್ಲ ಸದ್ದೂ ಸಂಗೀತವಲ್ಲ. ಗಣೇಶೋತ್ಸವದ ಢೋಲ್ ತಾಶಾ ಶಹಾಡಿನ ರಸ್ತೆಗೆ ಬಂದರೆ ನಮ್ಮ ಹುಡುಗ ಕಿವಿ ಮುಚ್ಚಿಕೊಂಡು ಮಂಚದಡಿ ಸೇರುತ್ತಾನೆ. ಚಂಡೆಗೂ ಅಷ್ಟೇ, ಅವನ ಅಜ್ಜಿಗೆ ಬೇಸರವಾದರೂ. ಇನ್ನೊಂದು ಮಗು ಅದೇ ಚಂಡೆಗೆ ಕುಣಿಯಬಹುದು. ಕ್ಲೈನ್, ಆಕ್ಸ್‌ಲೈನ್, ನಾರ್ಡಾಫ್ ಎಲ್ಲರೂ ತಮ್ಮತಮ್ಮ ದಾರಿಯಲ್ಲಿ ಹೇಳಿದ್ದು ಇದನ್ನೇ: ಮೊದಲು ಮಗುವನ್ನು ನೋಡಿ, ಪದ್ಧತಿಯನ್ನು ಆಮೇಲೆ.

ನಮ್ಮ ಹಿಂದಿನವರು ಈ ಊರಿಗೆ ಬಂದು 1926ರಲ್ಲಿ ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಕಟ್ಟಿದರು, 1933ರಲ್ಲಿ ಕರ್ನಾಟಕ ಸಂಘ ಕಟ್ಟಿದರು, ಹೋಟೆಲಿನಲ್ಲಿ ದುಡಿಯುವ ಹುಡುಗರಿಗೆ ರಾತ್ರಿ ಶಾಲೆ ನಡೆಸಿದರು. ಕನ್ನಡ ಉಳಿಯುವುದು ಸಭೆಯಲ್ಲಿ, ಶಾಲೆಯಲ್ಲಿ ಎಂದು ಅವರು ನಂಬಿದರು, ಅದು ಸರಿಯೇ. ಆದರೆ ಸಭೆಗೂ ಶಾಲೆಗೂ ಬರಲಾಗದ ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ಅವರ ಪಾಲಿನ ಕನ್ನಡ ಇರುವುದು ಯಾರದೋ ಮಡಿಲಲ್ಲಿ, ಹಾಡು ನಿಂತು ಮುಂದಿನ ಪದಕ್ಕೆ ಕಾಯುವ ಆ ಅರೆಗಳಿಗೆಯಲ್ಲಿ. ಊರಿಂದ ಬಂದ ಅಜ್ಜಿ ಇನ್ನೂ ಜೊತೆಗಿದ್ದರೆ ಅವರ ಹಾಡುಗಳನ್ನು, ಆಟಗಳನ್ನು ಫೋನಿನಲ್ಲಿ ಹಿಡಿದಿಡಿ. ಹಿಡಿದಿಟ್ಟು ಸುಮ್ಮನಾಗಬೇಡಿ, ನೀವೂ ಕಲಿಯಿರಿ. ಮಗುವಿಗೆ ಬೇಕಾದ್ದು ರೆಕಾರ್ಡಿಂಗ್ ಅಲ್ಲ, ತಾನು ನಿಲ್ಲಿಸಿದಾಗ ನಿಲ್ಲುವ, ತಾನು ನಕ್ಕಾಗ ನಗುವ ಮನುಷ್ಯರು.